ಎದುರಾಳಿ ಇಲ್ಲದ ಚುನಾವಣೆ

ಮತಯಂತ್ರ ಕಾಗದವನ್ನು ವಾಪಸ್ಸು ಕೊಟ್ಟಿತು.

ಎಲ್ಡನ್ ರಸ್ಕ್ ಅದನ್ನು ಮತ್ತೆ ಒಳಗೆ ತಳ್ಳಿದ. ಯಂತ್ರ ಅರ್ಧ ನುಂಗಿ, ಒಂದು ಕ್ಷಣ ಯೋಚಿಸಿ, ಮತ್ತೆ ಹೊರಗೆ ದೂಡಿತು. ಪಕ್ಕದಲ್ಲಿ ಮಡಿಸುವ ಕುರ್ಚಿಯ ಮೇಲೆ ಕೂತಿದ್ದ ಡೆಲ್ಬರ್ಟ್ ಕನ್ನಡಕ ಹಣೆಗೇರಿಸಿ ಯಂತ್ರದ ಪುಟ್ಟ ಪರದೆಯನ್ನು ಓದಿದ.

"ಒಂದು ಪ್ರಶ್ನೆಗೆ ಎರಡು ಉತ್ತರ ಕೊಟ್ಟಿದೀರಂತೆ ಸಾಹೇಬ್ರೆ," ಅಂದ. "ಇಷ್ಟು ವರ್ಷ ಜಡ್ಜ್ ಆಗಿದ್ದೋರಿಗೆ ಅಭ್ಯಾಸಬಲ, ಏನ್ಮಾಡಕ್ಕಾಗುತ್ತೆ."

ಸಾಲಿನಲ್ಲಿ ನಿಂತಿದ್ದ ನಾಲ್ಕೈದು ಜನ ನಕ್ಕರು. ರಸ್ಕ್ ಕೂಡ ನಕ್ಕ. ನಗು ಸರಿಯಾದ ಅಳತೆಯಲ್ಲಿ ಬಂತೇ ಎಂದು ಯೋಚಿಸಿದ. ಇವರಲ್ಲಿ ಯಾರು ಈಗಾಗಲೇ 'ಬೇಡ' ಎಂದು ಗುರುತು ಹಾಕಿದ್ದಾರೆ, ಯಾರು ಹಾಕಲಿದ್ದಾರೆ, ನಗುವಿನಿಂದ ತಿಳಿಯುವಂತಿರಲಿಲ್ಲ.

ಯಾವ ಪ್ರಶ್ನೆಗೆ ಎರಡು ಉತ್ತರ ಎಂದು ಅವನು ಕಾಗದ ತಿರುಗಿಸಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಹಿಂಬದಿಯಲ್ಲಿ, ಎಲ್ಲಕ್ಕಿಂತ ಕೆಳಗೆ, ನೀರು ಸರಬರಾಜು ಮಂಡಳಿಯ ಸದಸ್ಯರಾದ ಮೇಲೆ ಅದು ಇತ್ತು. ನ್ಯಾಯಮೂರ್ತಿ ಎಲ್ಡನ್ ಜೆ. ರಸ್ಕ್ ಅವರನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಮುಂದುವರಿಸಬೇಕೆ? ಕೆಳಗೆ ಎರಡು ಸೊನ್ನೆ. ಹೌದು. ಬೇಡ. ಎದುರಾಳಿ ಯಾರೂ ಇಲ್ಲ. ಎದುರಾಳಿ ಇದ್ದಿದ್ದರೆ ಅವನ ಮುಖ ನೋಡಬಹುದಿತ್ತು, ಅವನ ಕುಲಗೋತ್ರ ಜಾಲಾಡಬಹುದಿತ್ತು. ಇಡೀ ರಾಜ್ಯ ಒಂದು ಕಡೆ, ತಾನೊಬ್ಬ ಒಂದು ಕಡೆ, ನಡುವೆ ಒಂದು ಸೊನ್ನೆ. ಯಾರೂ ಇಲ್ಲದವನ ಕೈಯಲ್ಲಿ ಸೋಲುವ ಅವಕಾಶ ನ್ಯಾಯಾಧೀಶರಿಗೆ ಮಾತ್ರ ಇದೆ.

'ಹೌದು' ಎಂಬ ಸೊನ್ನೆಯನ್ನು ತುಂಬುವಾಗ ಪೆನ್ನು ಜಾರಿ ಪಕ್ಕದ್ದಕ್ಕೆ ಹೋಗಿತ್ತು. ಒಂದು ತಿಂಗಳಿಂದ ಬಲಗೈ ನಡುಗುತ್ತಿದೆ. ಯಾರಿಗೂ ಹೇಳಿಲ್ಲ. ಕೇಳಿದವರಿಗೆ ಚಳಿ ಅನ್ನುತ್ತಾನೆ. ನವೆಂಬರ್ ಬಂದಮೇಲೆ ಆ ಉತ್ತರ ಸ್ವಲ್ಪ ನಂಬುವಂತಾಗಿದೆ.

"ಹಾಳಾದ ಕಾಗದ ಇಲ್ಲಿ ಕೊಡಿ ಜಡ್ಜ್. ಮಡಚಿ ಕೊಡಿ, ನಾನು ನೋಡಲ್ಲ."

ಹಿಂದಿನಿಂದ ಬಂದ ದನಿ. ರಸ್ಕ್ ತಿರುಗಿ ನೋಡಿದ. ಲವೀನಾ ಸ್ಟಾಲ್ಕಪ್. ಇಪ್ಪತ್ತು ವರ್ಷದಿಂದ ಪ್ರತಿ ಚುನಾವಣೆಯಲ್ಲೂ ಅವಳು ಇಲ್ಲಿ ಕೂರುತ್ತಾಳೆ. ಗಂಡ ವರ್ನ್ ಹಾಸಿಗೆ ಹಿಡಿದಿರುವುದರಿಂದ ಈ ಸಲ ಬರುವುದಿಲ್ಲ ಎಂದು ಅವನು ಲೆಕ್ಕ ಹಾಕಿದ್ದ. ರಾಜಧಾನಿಯಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಬರುವಾಗ ದಾರಿಯುದ್ದಕ್ಕೂ, ಕೊಯ್ದ ಜೋಳದ ಹೊಲಗಳ ಅಂಚಿನಲ್ಲಿ, 'ರಸ್ಕ್ ಬೇಡ' ಎಂಬ ಫಲಕಗಳನ್ನು ಎಣಿಸುತ್ತ, ಇದೊಂದು ಸಮಾಧಾನವನ್ನು ಇಟ್ಟುಕೊಂಡಿದ್ದ. ಬಂದಾಗ ಅವಳ ಕುರ್ಚಿ ಖಾಲಿಯಿತ್ತು. ಊಟದ ಮೇಜಿನ ಹತ್ತಿರ ಹೋಗಿದ್ದಳು ಅಂತ ಕಾಣುತ್ತದೆ. ಅವಳ ಕೈಯಲ್ಲಿ ಅರ್ಧ ತಿಂದ ದಾಲ್ಚಿನ್ನಿ ಬನ್ನಿತ್ತು, ಎದೆಯ ಮೇಲೆ ಪಟ್ಟಿ: ಚುನಾವಣಾ ಜಡ್ಜ್. ಮತಗಟ್ಟೆಯಲ್ಲಿ ಕೂರುವವರಿಗೆ ಈ ರಾಜ್ಯದಲ್ಲಿ ಅದೇ ಹೆಸರು. ಪಕ್ಷಕ್ಕೊಬ್ಬರು, ಒಬ್ಬರ ಮೇಲೊಬ್ಬರು ಕಣ್ಣಿಡಲು.

ಅವಳು ಕಾಗದದ ಮೇಲೆ ದೊಡ್ಡದಾಗಿ 'ಹಾಳು' ಎಂದು ಬರೆದು ಕಂದು ಲಕೋಟೆಗೆ ಹಾಕಿದಳು.

"ಮೂರು ಕಾಗದದವರೆಗೂ ಕಾನೂನು ಒಪ್ಪುತ್ತೆ. ಇನ್ನೂ ಎರಡಿದೆ ನಿಮಗೆ. ಮೂರು ಅವಕಾಶ ಯಾರಿಗೆ ಸಿಗುತ್ತೆ ಹೇಳಿ?"

ನಗುತ್ತಲೇ ಅಂದಳು. ಮಾತಿನಲ್ಲಿ ಮುಳ್ಳಿರಲಿಲ್ಲ. ರಸ್ಕ್ ಮುಳ್ಳು ಹುಡುಕಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವನದಾಗಿತ್ತು.

"ಹೇಗಿದೀರಿ ಲವೀನಾ?"

"ನಾನು ಚೆನ್ನಾಗೇ ಇದೀನಿ." ಅವಳು ಅತ್ತ ಇತ್ತ ನೋಡಿ ದನಿ ತಗ್ಗಿಸಿದಳು. "ನಾನೇನೂ ಕೇಳಲ್ಲ ಜಡ್ಜ್. ಕೇಳಬಾರ್ದು ಅಂತ ವಕೀಲರು ಹತ್ತು ಸಲ ಹೇಳಿದಾರೆ. ಆದ್ರೆ ವರ್ನ್ ಹೇಗಿದಾನೆ ಅಂತ ನೀವು ಕೇಳಬಹುದಲ್ಲ? ಅದಕ್ಕೆ ಯಾವ ಕಾನೂನೂ ಅಡ್ಡ ಬರಲ್ಲ."

ರಸ್ಕ್ ಕೇಳಬೇಕಾಯಿತು. "ವರ್ನ್ ಹೇಗಿದಾರೆ?"

"ಹೋದ ತಿಂಗಳು ಮಾತಾಡ್ತಿದ್ದ. ಮಗ ಲೈಲ್ ಬಂದ್ರೆ ಹಳೇ ಟ್ರ್ಯಾಕ್ಟರಿನ ಕೀಲಿ ಎಲ್ಲಿದೆ ಅಂತ ಅವನಿಗೆ ಮಾತ್ರ ಹೇಳ್ತೀನಿ ಅಂತಿದ್ದ. ನನಗೆ ಹೇಳಲ್ಲ ಮುದುಕ! ನಾನು ಮಾರಿಬಿಡ್ತೀನಂತೆ." ಅವಳು ಬೆರಳಿಗಂಟಿದ ಸಕ್ಕರೆಯನ್ನು ಒರೆಸಿಕೊಂಡಳು. "ಈಗ ಕಣ್ಣು ಬಿಟ್ಟಾಗ ನನ್ನನ್ನೇ ಲೈಲ್ ಅಂತಾನೆ. ನಾನೂ ಹೂಂ ಅಂತೀನಿ. ನರ್ಸ್ ಹೇಳಿದ್ಲು, ಇವತ್ತೋ ನಾಳೆಯೋ ಅಂತ."

"ಮತ್ತೆ ನೀವಿಲ್ಲಿ…"

"ತಂಗಿ ಇದಾಳೆ ಮನೇಲಿ. ನಮ್ಮ ಪಕ್ಷದಿಂದ ಕೂರೋಕೆ ಇನ್ಯಾರೂ ಸಿಗ್ಲಿಲ್ಲ. ಡೆಲ್ಬರ್ಟ್ ಒಬ್ಬನ ಕೈಗೆ ಪೆಟ್ಟಿಗೆ ಬಿಟ್ಟು ಇರೋಕಾಗುತ್ತಾ?"

"ಕೇಳಿಸ್ತು ಕಣಮ್ಮ," ಅಂದ ಡೆಲ್ಬರ್ಟ್.

"ಕೇಳಿಸ್ಲಿ ಅಂತಾನೇ ಹೇಳಿದ್ದು." ಅವಳು ಮತ್ತೆ ರಸ್ಕ್ ಕಡೆಗೆ ಬಾಗಿದಳು. "ಊರೆಲ್ಲ ನಿಮ್ಮನ್ನ ಬಯ್ತಿದೆ. ನಾನಂದೆ, ಆ ಮನುಷ್ಯ ನಿಧಾನ, ಆದ್ರೆ ಕೆಟ್ಟವರಲ್ಲ. ಒಂದು ಕಾಗದಾನ ನಾಲ್ಕು ಸಲ ಟೈಪ್ ಮಾಡಿಸ್ತಿದ್ರಿ, ನೆನಪಿದೆಯಾ? ಏನು ಬದಲಾಗಿದೆ ಅಂತ ನನಗೆ ಕಾಣ್ತಾನೇ ಇರ್ಲಿಲ್ಲ."

ರಸ್ಕ್‌ಗೆ ನೆನಪಿತ್ತು.

"ಒಂದು ಫೋನ್ ಮಾಡಿ ಬರ್ತೀನಿ," ಅಂದ. "ಆಮೇಲೆ ಹೊಸ ಕಾಗದ ತಗೋತೀನಿ."

"ಹೋಗಿ ಬನ್ನಿ. ಎಂಟರವರೆಗೂ ಇದೀವಿ."

ಮೆಟ್ಟಿಲಿನ ಹತ್ತಿರ ಬಂದು ಅವನು ಕಂಬಿ ಹಿಡಿದುಕೊಂಡ. ಇದು ಟ್ರೆಸಲ್ ಕೌಂಟಿಯ ನ್ಯಾಯಾಲಯದ ಕಟ್ಟಡ. ರಸ್ಕ್‌ನ ಜೀವನಚರಿತ್ರೆ ಬರೆಯುವವರಿಗೆ, ಅಂಥವರು ಇದ್ದರೆ, ಈ ಮೆಟ್ಟಿಲುಗಳು ಸಾಕು. ನೆಲಮಾಳಿಗೆಯಲ್ಲಿ, ಬಿಸಿನೀರಿನ ಕೊಳವೆಗಳ ಪಕ್ಕದ ಕೋಣೆಯಲ್ಲಿ, ಕಿರಿಯ ಸರ್ಕಾರಿ ವಕೀಲನಾಗಿ ಸೇರಿದ್ದ. ಎದುರಿನ ಮೇಜಿನಲ್ಲಿ ಲವೀನಾ ಟೈಪ್ ಮಾಡುತ್ತಿದ್ದಳು. ನಾಲ್ಕು ವರ್ಷಕ್ಕೆ ಒಂದು ಅಂತಸ್ತು ಮೇಲೆ ಹೋದ, ಕೌಂಟಿಯ ಮುಖ್ಯ ವಕೀಲನಾಗಿ. ಮತ್ತೆ ಆರು ವರ್ಷಕ್ಕೆ ಇನ್ನೊಂದು ಅಂತಸ್ತು, ಇವತ್ತು ಮತಗಟ್ಟೆಯಾಗಿರುವ ಇದೇ ಕೋಣೆ, ಆ ಎತ್ತರದ ಪೀಠ. ಆಮೇಲೆ ಕಟ್ಟಡದಲ್ಲಿ ಅಂತಸ್ತುಗಳು ಮುಗಿದುಹೋದದ್ದರಿಂದ ರಾಜಧಾನಿಗೆ ಹೋದ. ಅಲ್ಲಿ ಮೇಲ್ಮನವಿ ನ್ಯಾಯಾಲಯ, ಅದರ ಮೇಲೆ ಸರ್ವೋಚ್ಚ.

ಅವನಿಗಿಂತ ಮೊದಲು ಆ ಪೀಠದಲ್ಲಿದ್ದ ಮುದಿ ಜಡ್ಜ್ ಟ್ರಿಪ್ಲೆಟ್, ನಿವೃತ್ತಿಯ ದಿನ ಕುಡಿದು ಒಂದು ಮಾತು ಹೇಳಿದ್ದ. "ನೋಡಪ್ಪ ರಸ್ಕ್, ಮನುಷ್ಯ ಮೇಲಕ್ಕೆ ಹೋಗೋದು ಅವನು ತೀರ್ಮಾನ ಮಾಡಿದ್ದರಿಂದಲ್ಲ, ಮಾಡದೆ ಬಿಟ್ಟಿದ್ದರಿಂದ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು." ಆಗ ರಸ್ಕ್‌ಗೆ ಅಸಹ್ಯವಾಗಿತ್ತು. ಈ ಮುದುಕನ ಹಾಗೆ ತಾನು ಆಗಬಾರದು ಎಂದು ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದ. ಹೆಂಡತಿ ಈಗ ಬೇರೆ ಊರಿನಲ್ಲಿ ಬೇರೆಯವನ ಜೊತೆ ಇದ್ದಾಳೆ. ಟ್ರಿಪ್ಲೆಟ್‌ನ ಮಾತು ಮಾತ್ರ ಅವನ ಜೊತೆ ಉಳಿದುಕೊಂಡಿತು. ಸರ್ವೋಚ್ಚ ನ್ಯಾಯಾಲಯಕ್ಕೆ ಆರಿಸುವಾಗ ರಾಜ್ಯಪಾಲರು ಕಡತ ಮುಚ್ಚಿ ಸಂತೋಷದಿಂದ ಹೇಳಿದ್ದರು: "ನಿಮ್ಮ ಮೇಲೆ ಯಾರದೂ ಒಂದು ದೂರಿಲ್ಲವಲ್ರೀ!" ಅದು ನಿಜ. ಅವನ ತೀರ್ಪುಗಳೆಲ್ಲ ಅಡ್ಡಗೋಡೆಯ ಮೇಲೆ ಇಟ್ಟ ದೀಪಗಳು. ಎರಡು ಕಡೆಯವರಿಗೂ ಒಂದಿಷ್ಟು ಬೆಳಕು ಸಿಕ್ಕಿತ್ತು, ಯಾರಿಗೂ ದಾರಿ ಕಂಡಿರಲಿಲ್ಲ.

ಆಗಸ್ಟ್‌ನಲ್ಲಿ ಲೈಲ್ ಸ್ಟಾಲ್ಕಪ್‌ನ ಪ್ರಕರಣ ಏಳು ಜನ ನ್ಯಾಯಮೂರ್ತಿಗಳ ಮುಂದೆ ಬಂತು. ಒಂಬತ್ತು ವರ್ಷದ ಹಿಂದೆ ಟ್ರೆಸಲ್‌ನ ಧಾನ್ಯದ ಕಣಜಕ್ಕೆ ಬೆಂಕಿ ಬಿದ್ದು ಕಾವಲುಗಾರ ಸತ್ತಿದ್ದ. ಲೈಲ್ ಜೈಲಿಗೆ ಹೋಗಿದ್ದ. ಅವನನ್ನು ಅಲ್ಲಿ ಕಂಡೆ ಎಂದ ಸಾಕ್ಷಿ, ಮೊದಲ ದಿನದ ಹೇಳಿಕೆಯಲ್ಲಿ ಯಾರನ್ನೂ ಕಾಣಲಿಲ್ಲ ಅಂದಿದ್ದ. ಆ ಹೇಳಿಕೆಯನ್ನು ಕೌಂಟಿಯ ಆಗಿನ ವಕೀಲರು ಬಚ್ಚಿಟ್ಟಿದ್ದರು. ಲೈಲ್‌ನ ತಾಯಿ ಮೂವತ್ತೈದು ವರ್ಷದ ಹಿಂದೆ ನನ್ನ ಟೈಪಿಸ್ಟ್ ಆಗಿದ್ದಳು ಎಂದು ರಸ್ಕ್ ಹೇಳಿಕೊಂಡ. ಹಿಂದೆ ಸರಿಯಲು ಅದು ಸಾಕಾದೀತು ಎಂದು ಆಸೆಪಟ್ಟಿದ್ದ. "ಅಷ್ಟಕ್ಕೆಲ್ಲ ಹಿಂದೆ ಸರಿದ್ರೆ ಈ ರಾಜ್ಯದಲ್ಲಿ ತೀರ್ಪು ಕೊಡೋಕೆ ಯಾರೂ ಉಳಿಯಲ್ಲ," ಅಂದರು ಮುಖ್ಯ ನ್ಯಾಯಮೂರ್ತಿಗಳು. ಮೂವರು ಆ ಕಡೆ, ಮೂವರು ಈ ಕಡೆ. ರಸ್ಕ್ ಲೈಲ್‌ನ ಕಡೆಗೆ ಕೈಯೆತ್ತಿದ. ಅದೊಂದು ಕ್ಷಣ ಅವನಿಗೆ ಯಾವ ಭಯವೂ ಇರಲಿಲ್ಲ. ಯಾಕೆ ಎಂದು ಇವತ್ತಿಗೂ ಗೊತ್ತಾಗಿಲ್ಲ. ಆಮೇಲೆ ತೀರ್ಪು ಬರೆಯುವವರು ಯಾರು ಎಂದು ಪದ್ಧತಿಯಂತೆ ಚರ್ಮದ ಬಟ್ಟಲಿನಿಂದ ಚೀಟಿ ಎತ್ತಿದರು. ಅವನ ಹೆಸರೇ ಬಂತು.

ಮೂವತ್ತೊಂದು ಪುಟ. ನಾಲ್ವರ ಸಹಿಯಾಗಿದೆ. ತೀರ್ಪುಗಳು ಹೊರಬೀಳುವುದು ಶುಕ್ರವಾರ. ಮೂರು ಶುಕ್ರವಾರಗಳಿಂದ ರಸ್ಕ್ ಅದನ್ನು ತಿದ್ದುತ್ತಿದ್ದಾನೆ. ಎರಡು ವರ್ಷದ ಹಿಂದೆ ಏಳೂ ಜನ ಸಹಿ ಹಾಕಿದ ಯಾವುದೋ ಒಂದು ತೀರ್ಪಿಗಾಗಿ ರೇಡಿಯೋದಲ್ಲಿ ಅವನ ಹೆಸರು ದಿನಕ್ಕೆ ಹನ್ನೆರಡು ಸಲ ಬರುತ್ತಿದೆ, ಏಕೆಂದರೆ ಈ ವರ್ಷ ಜನರ ಮುಂದೆ ನಿಂತಿರುವವನು ಅವನೊಬ್ಬನೇ. ಇದರ ಮೇಲೆ, ಕೊಲೆಗಾರನನ್ನು ಬಿಟ್ಟ ಎಂಬ ಸುದ್ದಿಯೂ ಸೇರಿದರೆ? ಚುನಾವಣೆ ಮುಗಿಯಲಿ ಅಂದುಕೊಂಡ. ಕೆಲವು ದಿನ ಹೆಚ್ಚಾದರೆ ಒಂಬತ್ತು ವರ್ಷ ಕಾದವನಿಗೆ ಏನಾಗುತ್ತದೆ? ವರ್ನ್ ಎಂಬ ಮುದುಕ ಈ ಲೆಕ್ಕದಲ್ಲಿ ಇರಲಿಲ್ಲ.

ಮೆಟ್ಟಿಲ ತಿರುವಿನಲ್ಲಿ ನಿಂತು ಫೋನ್ ಮಾಡಿದ. ನಾಲ್ಕೂ ಇಪ್ಪತ್ತು. ಅವನ ಕಚೇರಿಯ ಬರ್ನೀಸ್ ಮೊದಲ ರಿಂಗಿಗೇ ಎತ್ತಿಕೊಂಡಳು.

"ಸರ್, ನಾನೇ ಮಾಡೋಳಿದ್ದೆ. ಸ್ಟಾಲ್ಕಪ್ ಕಡೆ ವಕೀಲರು ಮಧ್ಯಾಹ್ನ ತುರ್ತು ಅರ್ಜಿ ಹಾಕಿದಾರೆ. ತಂದೆ ಸಾಯೋ ಸ್ಥಿತೀಲಿದಾರೆ, ತೀರ್ಮಾನ ಏನೇ ಇರ್ಲಿ, ಬೇಗ ಕೊಡಿ ಅಂತ. ನಮ್ಮ ತೀರ್ಪು ಬಂದ್ರೆ ಕೆಳಗಿನ ಜಡ್ಜ್ ಇವತ್ತು ಸಂಜೆಯೇ ಜಾಮೀನು ಕೊಡ್ತಾರಂತೆ. ಜೈಲಿಂದ ಊರಿಗೆ ನಲವತ್ತು ನಿಮಿಷ."

"ಮುಖ್ಯ ನ್ಯಾಯಮೂರ್ತಿಗಳು ನೋಡಿದ್ರಾ?"

"ನೋಡಿದ್ರು. ಇಂಥದಕ್ಕೆ ಶುಕ್ರವಾರ ಕಾಯಬೇಕಿಲ್ಲ, ರಸ್ಕ್ ಹೂಂ ಅಂದ್ರೆ ಕಳಿಸಿಬಿಡಿ ಅಂದ್ರು. ಐದು ನಿಮಿಷದ ಕೆಲಸ ಸರ್. ದಾಖಲೆ ವಿಭಾಗ ಐದಕ್ಕೆ ಮುಚ್ಚುತ್ತೆ."

ಕೆಳಗಿನ ಬಾಗಿಲು ತೆರೆದು ಯಾರೋ ಒಳಗೆ ಬಂದರು. ಚಳಿಗಾಳಿ ಮೆಟ್ಟಿಲು ಹತ್ತಿ ಬಂತು.

"ಹದಿನೆಂಟನೇ ಪುಟದ ಅಡಿಟಿಪ್ಪಣಿ ಇನ್ನೂ ಸರಿಹೋಗಿಲ್ಲ," ಅಂದ ರಸ್ಕ್.

"ಅದನ್ನ ತೆಗೆದುಹಾಕು ಅಂತ ಹೋದ ವಾರ ನೀವೇ ಹೇಳಿದ್ರಿ. ತೆಗೆದಿದೀನಿ."

"ಹಾಗಾದ್ರೆ ಮುಂದಿನ ಸಂಖ್ಯೆಗಳು…"

"ಸರಿ ಮಾಡಿದೀನಿ ಸರ್."

"ನಾನೊಂದು ಸಲ ನೋಡ್ತೀನಿ."

"ಯಾವಾಗ?"

"ನಾಳೆ ಬೆಳಿಗ್ಗೆ."

ಆ ಕಡೆ ಯಾವುದೋ ಮುದ್ರಣಯಂತ್ರ ಓಡುವ ಸದ್ದು ಕೇಳಿತು. "ಐದರವರೆಗೆ ನಾನು ಇಲ್ಲೇ ಇರ್ತೀನಿ ಸರ್," ಅಂದಳು. ಫೋನಿಟ್ಟಳು.

ರಸ್ಕ್ ಕಿಟಕಿಯ ಕಟ್ಟೆಗೆ ಒರಗಿದ. ಅವನಿಗೆ ಭಯವಾಗಿತ್ತು. ಪೀಠದ ಮೇಲಿನ ಇಪ್ಪತ್ತೇಳು ವರ್ಷ ಬೇರೆ ಬೇರೆ ಹೆಸರಿನಿಂದ ಕರೆದಿದ್ದ ಅದು, ಎಚ್ಚರ, ಸಂಯಮ, ವಿವೇಕ ಅಂತೆಲ್ಲ, ಬರೀ ಭಯ. ಸಂಬಳ ಹೋಗುತ್ತದೆ ಎಂದಲ್ಲ, ಪಿಂಚಣಿ ಬರುತ್ತದೆ. ಕೋಣೆಯೊಳಗೆ ಕಾಲಿಟ್ಟಾಗ "ಎದ್ದು ನಿಲ್ಲಿ" ಎಂದು ಯಾರೋ ಕೂಗುತ್ತಾರೆ, ಎಲ್ಲರೂ ಏಳುತ್ತಾರೆ. ಯಾರೂ ಏಳದಿದ್ದರೆ ತಾನು ಒಳಗೆ ಬಂದಿದ್ದೇನೆ ಎಂದು ತನಗೆ ಹೇಗೆ ತಿಳಿಯಬೇಕು? ಹೂಂ ಅನ್ನಲು ಎಷ್ಟು ಉಸಿರು ಬೇಕು? ಅವನು ಫೋನನ್ನು ಮತ್ತೆ ತೆಗೆದ. ಪರದೆಯ ಮೇಲೆ ಬೆರಳು ನಡುಗಿ ಯಾವುದೋ ಬೇರೆ ಹೆಸರಿಗೆ ತಾಗಿತು. ಜೇಬಿಗೆ ಹಾಕಿಕೊಂಡ. ಮೇಲಕ್ಕೆ ಹತ್ತಿದ. ಹತ್ತುವುದು ಮಾತ್ರ ಅವನಿಗೆ ಯಾವತ್ತೂ ಕಷ್ಟವಾಗಿರಲಿಲ್ಲ.

ಲವೀನಾ ಎರಡನೆಯ ಕಾಗದ ಕೊಟ್ಟಳು. "ಫೋನು ಆಯ್ತಾ?"

"ಆಯ್ತು."

"ಒಳ್ಳೇ ಸುದ್ದಿನಾ?"

"ಆಫೀಸಿನ ವಿಷಯ."

"ಹಂಗಂದ್ರೆ ಅಲ್ಲ," ಅಂದಳು ಅವಳು.

ಮತ ಹಾಕುವ ಗೂಡುಗಳನ್ನು ಜ್ಯೂರಿಯ, ಅಂದರೆ ಊರಿನ ತೀರ್ಪುಗಾರರ, ಕಟಕಟೆಯೊಳಗೆ ಇಟ್ಟಿದ್ದರು. ಹನ್ನೆರಡು ಕುರ್ಚಿಗಳನ್ನು ತೆಗೆದು ಗೋಡೆಗೆ ಜೋಡಿಸಿದ್ದರು. ರಸ್ಕ್ ಪೀಠದ ಮೇಲಿದ್ದ ಕಾಲದಲ್ಲಿ ಇಲ್ಲಿ ಕೂತ ರೈತರ, ಮೇಷ್ಟ್ರುಗಳ ಮುಖ ನೋಡಿ ಅಸೂಯೆಪಟ್ಟಿದ್ದುಂಟು: ಇವರು ಒಂದೇ ಮಾತು ಹೇಳಿ ಮನೆಗೆ ಹೋಗುತ್ತಾರೆ. ಇವತ್ತು ಅದೇ ಜಾಗದಲ್ಲಿ ನಿಂತು ಎದುರಿನ ಪೀಠ ನೋಡಿದ. ಅದರ ಮೇಲೆ ಯಾರೋ ಚಿಲ್ಲಿ ಸಾರಿನ ಪಾತ್ರೆ ಇಟ್ಟಿದ್ದರು. ಮುಚ್ಚಳದ ಕೆಳಗಿನಿಂದ ಸಣ್ಣಗೆ ಹಬೆ ಏಳುತ್ತಿತ್ತು.

ಪೆನ್ನು ಹಿಡಿದ. ಮೊದಲ ಸೊನ್ನೆಗೆ ತುದಿ ತಾಗಿಸಲು ಹೋದರೆ ಅದು ಎರಡಂಗುಲ ಆಚೆ ತಾಗಿತು. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದ. ಈಗ ಎರಡೂ ನಡುಗಿದವು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ನಲವತ್ತು. ಆಮೇಲೆ ನಲವತ್ತಾರು. ಹಿಂದೆ ಸಾಲು ಬೆಳೆಯುತ್ತಿತ್ತು. ಕಾರ್ಖಾನೆಯ ಪಾಳಿ ಬಿಟ್ಟಿರಬೇಕು.

"ಜಡ್ಜ್," ಲವೀನಾಳ ದನಿ ಹತ್ತಿರದಲ್ಲೇ ಕೇಳಿತು. "ಸಹಾಯ ಬೇಕಾ? ಸಂಕೋಚ ಬೇಡ. ಕೈ ಆಗದೋರಿಗೆ ನಾವಿಬ್ಬರೂ ಸೇರಿ ಗುರುತು ಹಾಕಿಕೊಡಬಹುದು. ನಿಯಮದಲ್ಲೇ ಇದೆ."

ಬೇಡ ಅನ್ನಬೇಕೆಂದುಕೊಂಡ. ಅಷ್ಟರಲ್ಲಿ ಪೆನ್ನು ಕೈ ಜಾರಿ ಬಿದ್ದು ಉರುಳಿ ಕಟಕಟೆಯ ಮೂಲೆ ಸೇರಿತು. ಡೆಲ್ಬರ್ಟ್ ಬಗ್ಗಿ ಅದನ್ನೆತ್ತಿದ. ಈ ಸಲ ಅವನು ತಮಾಷೆ ಮಾಡಲಿಲ್ಲ.

ಇಬ್ಬರೂ ಅವನ ಎಡಬಲಕ್ಕೆ ನಿಂತರು. ಲವೀನಾ ಒಂದು ನಮೂನೆ ತುಂಬಬೇಕಿತ್ತು. ಹೆಸರು ಬರೆದಳು, ವಿಳಾಸ ಬರೆದಳು, ಕೇಳಲಿಲ್ಲ, ಗೊತ್ತಿತ್ತು.

"ಕಾರಣ ಏನಂತ ಬರೀಲಿ?"

"ಚಳಿ," ಅಂದ ರಸ್ಕ್.

ಅವಳು ಅವನ ಕೈ ನೋಡಿದಳು. ಅವನು ಅದನ್ನು ಕೋಟಿನ ಜೇಬಿಗೆ ತೂರಿಸಿದ. "ಚಳಿ ಅಂತ ಬರೆಯೋಕೆ ಬರಲ್ಲ," ಅಂದಳು ಮೆಲ್ಲಗೆ. "'ಬರೆಯಲು ಅಶಕ್ತ' ಅಂತ ಬರೀತೀನಿ. ಅದೇ ಇರೋದು ಇದರಲ್ಲಿ."

ಅವಳು ಒಂದೊಂದೇ ಪ್ರಶ್ನೆ ಓದಿದಳು. ರಾಜ್ಯಪಾಲ. ಶೆರಿಫ್. ಕೌಂಟಿಯ ಖಜಾಂಚಿ. ಶಾಲೆಯ ಛಾವಣಿಗೆ ತೆರಿಗೆ. ರಸ್ಕ್ ಹೇಳುತ್ತ ಹೋದ, ಅವಳು ಸೊನ್ನೆಗಳನ್ನು ಅಚ್ಚುಕಟ್ಟಾಗಿ ತುಂಬುತ್ತ ಹೋದಳು, ಡೆಲ್ಬರ್ಟ್ ಹೌದು ಎಂದು ತಲೆಯಾಡಿಸುತ್ತ ಹೋದ. ಎಲ್ಲವೂ ಎಷ್ಟು ಸಲೀಸು! ಬೇರೆಯವರ ವಿಷಯದಲ್ಲಿ ಅವನಿಗೆ ಸ್ಪಷ್ಟವಾದ ಅಭಿಪ್ರಾಯಗಳಿದ್ದವು. ಅವಳು ಕಾಗದ ತಿರುಗಿಸಿದಳು. ನೀರು ಸರಬರಾಜು ಮಂಡಳಿ ಮುಗಿಯಿತು.

"ನ್ಯಾಯಮೂರ್ತಿ ಎಲ್ಡನ್ ಜೆ. ರಸ್ಕ್ ಅವರನ್ನು," ಅವಳು ಎಲ್ಲ ಪ್ರಶ್ನೆಗಳಂತೆ ಇದನ್ನೂ ಓದಿದಳು, "ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಮುಂದುವರಿಸಬೇಕೆ?"

ರಸ್ಕ್ ಬಾಯಿ ತೆರೆದ.

"ಜೋರಾಗಿ ಹೇಳಬೇಕಾಗಿಲ್ಲ," ಅಂದ ಡೆಲ್ಬರ್ಟ್. "ನಮಗಿಬ್ಬರಿಗೆ ಕೇಳಿಸಿದ್ರೆ ಸಾಕು."

ಹೌದು ಅಂದರೆ ಸಾಕು. ಇವಳ ಮುಖ ನೋಡಿಕೊಂಡು ಅನ್ನಬೇಕು. ಅಥವಾ ಒಂದು ನಿಮಿಷ ಎಂದು ಹೇಳಿ, ಜೇಬಿನಲ್ಲಿರುವ ಫೋನು ತೆಗೆದು, ಬರ್ನೀಸ್‌ಗೆ ಅದೇ ಒಂದು ಮಾತು ಅನ್ನಬೇಕು. ಮಾತು ಒಂದೇ. ಅದು ಗಂಟಲಿನಲ್ಲಿ ಇತ್ತು. ಯಾವ ಕಡೆಗೆ ಬಿಡುವುದೆಂದು ತಿಳಿಯದೆ ಅವನು ಅದನ್ನು ಹಿಡಿದುಕೊಂಡು ನಿಂತ.

"ಅವಸರ ಇಲ್ಲ ಜಡ್ಜ್," ಅಂದಳು ಲವೀನಾ. "ನಾನು ಕಾಯ್ತೀನಿ. ನನಗೆ ಅಭ್ಯಾಸ ಆಗಿದೆ."

ಮೇಲೆ, ಕಟ್ಟಡದ ಗೋಪುರದ ಗಡಿಯಾರ ಹೊಡೆಯತೊಡಗಿತು. ಒಂದು. ಬರ್ನೀಸ್ ಕೋಟಿಗೆ ಕೈ ಹಾಕಿರುತ್ತಾಳೆ. ಎರಡು. ಮೂರು. ಬಾಗಿಲ ಹತ್ತಿರ ಒಬ್ಬ ಹೆಂಗಸು ಬಂದು ನಿಂತಿದ್ದಳು. ಮುಖ ಲವೀನಾಳ ಹಾಗೆಯೇ ಇತ್ತು, ಸ್ವಲ್ಪ ಚಿಕ್ಕ ವಯಸ್ಸು. ಓಡಿ ಬಂದವಳಂತೆ ಏದುಸಿರು ಬಿಡುತ್ತ, ಒಳಗೆ ಬರದೆ, ಸಾಲಿನಲ್ಲಿದ್ದವರ ತಲೆಗಳ ಮೇಲಿಂದ ಅಕ್ಕನನ್ನು ಹುಡುಕುತ್ತಿದ್ದಳು. ನಾಲ್ಕು. ಲವೀನಾ ಅತ್ತ ಬೆನ್ನು ಮಾಡಿದ್ದಳು. ರಸ್ಕ್‌ಗೆ ಮಾತ್ರ ಕಾಣುತ್ತಿತ್ತು. ಐದು.

ಕೋಣೆಯಲ್ಲಿದ್ದವರೆಲ್ಲ ನಿಂತೇ ಇದ್ದರು. ಲವೀನಾಳ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಪೆನ್ನಿನ ತುದಿ ಎರಡು ಖಾಲಿ ಸೊನ್ನೆಗಳ ನಡುವೆ, ಕಾಗದಕ್ಕೆ ತಾಗದಂತೆ, ಕಾಯುತ್ತಿತ್ತು.